ಬೆನ್ನು ತೋರಿಸಿ ಬಂದ ನಾಯಕ

ಹದಿನೆಂಟು ನೂರು ರೂಪಾಯಿ. ರಿಯಾಯಿತಿ ಸೊನ್ನೆ.

ಕೊಚ್ಚಿಯ ಎಡಪ್ಪಳ್ಳಿಯ ದೊಡ್ಡ ಮಾಲಿನೊಳಗಿನ ಪುಸ್ತಕದಂಗಡಿಯಲ್ಲಿ ಒಂದೇ ಒಂದು ಚಿತ್ರಕಥೆಗೆ ನಾನು ತೆತ್ತ ಬೆಲೆ ಇದು. ಇದರ ಮೇಲೆ ತಿರುವನಂತಪುರಕ್ಕೆ ಇಬ್ಬರ ರೈಲು ಖರ್ಚು, ಅರ್ಧ ಬೆಲೆಗೆ ಕೈಬಿಟ್ಟ ಒಂದು ಇಳಕಲ್ ಸೀರೆ, ಮತ್ತು ಬಲು ವ್ಯವಹಾರಸ್ಥೆ ಎಂದು ನಾವಿರುವ ಕಳಮಶ್ಶೇರಿಯಲ್ಲಿ ನಾನು ಗಳಿಸಿಕೊಂಡಿದ್ದ ಹೆಸರು. ಕೊನೆಯದಕ್ಕೆ ಯಾರೂ ರಸೀದಿ ಕೊಡಲಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಇಪ್ಪತ್ತು ವರ್ಷದಿಂದ ನನಗೆ ಬಾಯಿಪಾಠವಾಗಿದ್ದ ಒಂದು ಪ್ರೇಮಕಥೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳಲು.

ನಾನು ಹುಬ್ಬಳ್ಳಿಯವಳು. ನಮ್ಮವರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದಾರೆ. ಅವರಿಗೆ ವರ್ಗವಾದಾಗಲೆಲ್ಲ ನನಗೂ ವರ್ಗ. ಕೊಚ್ಚಿಗೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಮನೆಯ ಹಾಲಿನಲ್ಲೇ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರಲು ಶುರುಮಾಡಿದೆ. ನೇಕಾರರಿಂದ ನೇರ ತರಿಸುತ್ತೇನೆ, ನಡುವೆ ದಲ್ಲಾಳಿ ಇಲ್ಲ. ಕೇರಳದ ಹೆಂಗಸರು ಬಿಳಿ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರು. ಈಗ ನಮ್ಮ ಅಪಾರ್ಟ್‌ಮೆಂಟಿನ ಯಾವ ಸಮಾರಂಭಕ್ಕೆ ಹೋದರೂ ಅರ್ಧ ಸೆರಗುಗಳು ಬಾಗಲಕೋಟೆ ಜಿಲ್ಲೆಯವು. ಸೀರೆ ಕೊಂಡವರಿಗೆ ನನ್ನ ಸಲಹೆ ಉಚಿತ. ಕೊಳ್ಳದವರಿಗೂ ಉಚಿತ. ತೊಂದರೆ ಶುರುವಾದದ್ದು ಅಲ್ಲಿಯೇ.

ಮೊದಲು ಪುಸ್ತಕದ ವಿಚಾರ ಹೇಳಿಬಿಡುತ್ತೇನೆ.

ಮದುವೆಯಾಗಿ ನಾನು ಮೊದಲು ಬಂದದ್ದು ತಿರುವನಂತಪುರಕ್ಕೆ. ನಮ್ಮವರನ್ನು ಮದುವೆಗೆ ಮುಂಚೆ ನೋಡಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ತಟ್ಟೆಯ ಮೇಲಿಂದ. ಅವರು ಆಫೀಸಿಗೆ ಹೋದರೆ ಮನೆಯೊಳಗೆ ನಾನು, ಹೊರಗೆ ಮಲಯಾಳ. ಬಸ್ಸಿನ ಬೋರ್ಡು ಓದಲು ಬಾರದು, ಅಂಗಡಿಯ ಹೆಸರು ಓದಲು ಬಾರದು. ಸಂಜೆ ಮನೆಗೆ ಬಂದವರ ಮುಖವೂ ಓದಲು ಬಾರದು. ಸಾರು ಚೆನ್ನಾಗಿದ್ದರೂ ಅದೇ ಮುಖ, ಕೆಟ್ಟಿದ್ದರೂ ಅದೇ ಮುಖ.

ಆಗ ನನ್ನ ಕೈಹಿಡಿದದ್ದು ಚಾಲೈ ಪೇಟೆ. ಚೌಕಾಶಿಗೆ ಭಾಷೆ ಬೇಕಿಲ್ಲ. ಅಂಗಡಿಯವನು ಬೆರಳು ಎಣಿಸಿ ತೋರಿಸುತ್ತಾನೆ, ನಾನು ಮುಖ ತಿರುಗಿಸಿ ಎರಡು ಹೆಜ್ಜೆ ಹಾಕುತ್ತೇನೆ, ಅವನು ಕರೆಯುತ್ತಾನೆ. ಕರೆದವನು ಸೋತಂತೆ. ಬೆಲ್ಲ, ಮೆಣಸು, ಹಿತ್ತಾಳೆ ಪಾತ್ರೆ, ಎಲ್ಲವನ್ನೂ ನಾನು ಬೆನ್ನಿನಿಂದಲೇ ಕೊಂಡಿದ್ದೇನೆ. ಒಂದು ದಿನ ಹಳೇ ಕಾಗದದ ಅಂಗಡಿಯ ಮುಂದೆ, ರದ್ದಿಯ ರಾಶಿಯ ನೆತ್ತಿಯ ಮೇಲೆ, ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಕಂಡಿತು. ಬಿಡಿಸಿದರೆ ಪುಟ ತುಂಬ ಚಿತ್ರ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಮಳೆ.

"ಚೇಚೀ, ಜಪ್ಪಾನ್," ಎಂದ ಅಂಗಡಿಯವನು, ಅಕ್ಕಾ ಇದು ಜಪಾನಿನದು ಎಂದು ಬೆಲೆ ಏರಿಸುವ ದನಿಯಲ್ಲಿ.

ಓದಲು ಬಾರದ ಪುಸ್ತಕಕ್ಕೆ ಓದುವ ಪುಸ್ತಕದ ಬೆಲೆಯೇ ಎಂದು ನಾನು ಕನ್ನಡದಲ್ಲೇ ಕೇಳಿದೆ. ಎರಡು ಹೆಜ್ಜೆ ಹಾಕಿದೆ. ಅವನು ಕರೆದ. ತಕ್ಕಡಿಗೆ ಹಾಕಿಸಿ ರದ್ದಿಯ ದರಕ್ಕೇ ತಂದೆ.

ಮನೆಯಲ್ಲಿ ಎದುರಿಗಿಟ್ಟುಕೊಂಡು ಕೂತೆ. ಮುಖಪುಟದಲ್ಲಿ ಒಂದು ಸಣ್ಣ ಛತ್ರಿಯ ಚಿತ್ರ, ಅದರ ಕೆಳಗೆ ಬೆಲೆಯ ಕಪ್ಪು ಗೆರೆಗಳ ಪಟ್ಟಿ. ಜಪಾನಿನವರು ಎಷ್ಟು ನೇರ ಜನ, ಬೆಲೆಯನ್ನು ಮೊದಲೇ ಮುಖಕ್ಕೆ ಹೇಳಿಬಿಡುತ್ತಾರೆ ಎಂದು ಮೆಚ್ಚಿಕೊಂಡೆ. ಹುಡುಗ ಹುಡುಗಿಯ ದೊಡ್ಡ ಬಣ್ಣದ ಚಿತ್ರವನ್ನು ಹಿಂದಿನ ರಟ್ಟಿಗೆ ಹಾಕಿದ್ದರು. ಅದನ್ನೂ ಮೆಚ್ಚಿಕೊಂಡೆ. ಒಳ್ಳೆಯ ಸೀರೆಯನ್ನು ನಾನೂ ಗಂಟಿನ ತಳದಲ್ಲೇ ಇಡುತ್ತೇನೆ.

ಕಥೆ ಮದುವೆಯಿಂದ ಶುರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಾಳೆ, ಹುಡುಗ ನೆಟ್ಟಗೆ ಕೂತಿದ್ದಾನೆ. ಆಮೇಲೆ ಒಂದು ರೈಲು ನಿಲ್ದಾಣ. ಆಮೇಲೆ ಪುಟಗಟ್ಟಲೆ ಹುಡುಗಿ ಒಬ್ಬಳೇ. ಕಿಟಕಿಯ ಬಳಿ, ಅಡುಗೆಮನೆಯಲ್ಲಿ, ಬಸ್ ಸ್ಟಾಪಿನಲ್ಲಿ. ಗಂಡ ಆಫೀಸಿಗೆ ಹೋಗಿದ್ದಾನೆ ಎಂದು ನನಗೆ ತಕ್ಷಣ ತಿಳಿಯಿತು. ಆ ಪುಟಗಳನ್ನು ಬರೆದವರು ನಮ್ಮ ಮನೆಯ ಕಿಟಕಿಯಿಂದ ಇಣುಕಿ ಬರೆದಂತಿತ್ತು.

ನಂತರ ಆ ಪುಸ್ತಕದ ಕಿರೀಟದಂಥ ದೃಶ್ಯ. ಸುರಿಯುವ ಮಳೆಯಲ್ಲಿ ದೂರದಿಂದ ಹುಡುಗ ಬರುತ್ತಾನೆ, ಬೆನ್ನು ತೋರಿಸಿಕೊಂಡು! ಚಿತ್ರದಿಂದ ಚಿತ್ರಕ್ಕೆ ಆ ಬೆನ್ನು ದೊಡ್ಡದಾಗುತ್ತ ಬರುತ್ತದೆ. ಕೈಯಲ್ಲಿ ಛತ್ರಿ ಇದೆ, ಬಿಚ್ಚಿಲ್ಲ. ಹೆಂಡತಿಗೆಂದು ತಂದದ್ದು ಹಾಳಾದೀತೆಂದು ತಾನೇ ನೆನೆಯುತ್ತಿದ್ದಾನೆ. ಹತ್ತಿರ ಬಂದವನು ತಿರುಗಿ, ತಲೆ ತಗ್ಗಿಸಿ, ಒಂದೂ ಮಾತಿಲ್ಲದೆ ಅದನ್ನು ಅವಳ ಕೈಗಿಡುತ್ತಾನೆ. ಅವಳ ಕಣ್ಣು ತುಂಬುತ್ತದೆ. ಅಷ್ಟು ನಾಚಿಕೆಯ, ಅಷ್ಟು ಮರ್ಯಾದೆಯ ಗಂಡಸನ್ನು ನಾನು ಬೇರೆ ಯಾವ ಪುಸ್ತಕದಲ್ಲೂ ಕಂಡಿಲ್ಲ.

ಅಲ್ಲಿಂದಾಚೆಗೆ ಬರೀ ಸುಖ. ಇಬ್ಬರೂ ಒಂದೇ ಛತ್ರಿಯಡಿ ನಡೆಯುತ್ತಾರೆ, ನಗುತ್ತಾರೆ, ಸುಖ ಹೆಚ್ಚಾದಂತೆ ವಯಸ್ಸು ಕಡಿಮೆಯಾಗುತ್ತದೆ. ಹುಡುಗಿಗೆ ಎರಡು ಜಡೆ ಬರುತ್ತದೆ. ಹುಡುಗ ಶಾಲೆಯ ಸಮವಸ್ತ್ರ ಹಾಕುತ್ತಾನೆ. ಸಂತೋಷವಾಗಿರುವವರು ಹೀಗೆಯೇ ಅಲ್ಲವೇ ಎಂದುಕೊಂಡೆ. ಕೊನೆಯ ಪುಟದಲ್ಲಿ ಅದೇ ಬಸ್ ಸ್ಟಾಪ್. ಇಬ್ಬರೂ ದೂರ ದೂರ ನಿಂತು ಒಬ್ಬರನ್ನೊಬ್ಬರು ಇದೇ ಮೊದಲು ನೋಡುವವರಂತೆ ನೋಡುತ್ತಾರೆ. ಎಷ್ಟು ವರ್ಷ ಸಂಸಾರ ಮಾಡಿದರೂ ಹಾಗೆ ಹೊಸದಾಗಿ ನೋಡಬೇಕು ಎಂಬ ತತ್ವ. ಜಪಾನಿನಲ್ಲೂ ನಮ್ಮ ಹಾಗೆಯೇ, ಮೊದಲು ಮದುವೆ, ಆಮೇಲೆ ಪರಿಚಯ, ಆಮೇಲೆ ಪ್ರೀತಿ.

ದಿನಾ ಸಂಜೆ ನಮ್ಮವರಿಗೆ ಚಿತ್ರ ತೋರಿಸಿ ಒಂದಿಷ್ಟಿಷ್ಟೇ ಕಥೆ ಹೇಳುತ್ತಿದ್ದೆ. ನಾವಿಬ್ಬರೂ ಸಾರಿನ ಹೊರತು ಬೇರೆ ವಿಷಯ ಮಾತಾಡಿದ್ದು ಅದೇ ಮೊದಲು. ಬೆನ್ನು ತೋರಿಸಿ ಬರುವ ಹುಡುಗನನ್ನು ನೋಡಿ ಅವರು ಒಮ್ಮೆ ಪಕ್ಕನೆ ನಕ್ಕರು. ಆ ನಗು ಕಂಡ ಮೇಲೆ ಅವರ ಮುಖ ಓದಲು ಬರತೊಡಗಿತು. ಮುಂದೆ ಯಾವುದೋ ವರ್ಗಾವಣೆಯ ಗಡಿಬಿಡಿಯಲ್ಲಿ ಪುಸ್ತಕ ಕಳೆದುಹೋಯಿತು. ಕಥೆ ನನ್ನಲ್ಲೇ ಉಳಿಯಿತು.

ಈಗ ಬಸುವಿನ ವಿಷಯ. ನಮ್ಮ ಮೇಲಿನ ಮಹಡಿಯಲ್ಲಿರುವ ಗದಗಿನ ಹುಡುಗ, ಐಟಿ ಪಾರ್ಕಿನಲ್ಲಿ ಕೆಲಸ. ಜೋಳದ ರೊಟ್ಟಿಯ ವಾಸನೆ ಹಿಡಿದು ಒಂದು ದಿನ ಕೆಳಗಿಳಿದು ಬಂದವನು ಅಂದಿನಿಂದ ನನ್ನನ್ನು ವೈನಿ ಎನ್ನುತ್ತಾನೆ, ನಮ್ಮವರನ್ನು ಅಣ್ಣಾರ ಎನ್ನುತ್ತಾನೆ. ಕಳೆದ ಮಳೆಗಾಲದ ಒಂದು ಸಂಜೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ವೈನೀ, ಒಂದು ಮಾತು ಕೇಳಬೇಕಿತ್ರಿ."

"ಕೇಳು. ರೊಟ್ಟಿ ಆರತಾವು, ತಿನ್ಕೋತ ಕೇಳು."

"ನಮ್ಮ ಆಫೀಸಿನ್ಯಾಗ ಶ್ರುತಿ ಅಂತ ಅದಾಳಲ್ರಿ. ನಿಮ್ಮ ಕಡೆ ಸೀರಿ ಹೇಳ್ಯಾಳ."

"ಕಾಸರಗೋಡಿನಾಕಿ. ನವಿಲಿನ ಬಣ್ಣ ಬೇಕು ಅಂದಾಕಿ. ಗೊತ್ತೈತಿ. ಮುಂದ?"

"ಮುಂದ ಏನೂ ಇಲ್ರಿ. ಅದ ತ್ರಾಸ ಆಗೈತಿ."

ಬಸುವಿನ ಪ್ರೇಮದ ಆಸ್ತಿ ಒಂದು ಛತ್ರಿ. ಅವನು ಗದಗಿನಿಂದ ಮಳೆಗಾಲದಲ್ಲಿ ಬರಿಗೈಯಲ್ಲಿ ಬಂದಿಳಿದಾಗ, ಕೊಡೆ ಇಲ್ಲದೆ ಕೊಚ್ಚಿಗೆ ಬಂದದ್ದಾ ಮಾರಾಯ್ರೇ ಎಂದು ನಕ್ಕು ಶ್ರುತಿಯೇ ಕೊಟ್ಟದ್ದು. ಕಪ್ಪು ಬಟ್ಟೆಯ, ಉದ್ದ ಕಾವಿನ, ಹಿಡಿ ಬಾಗಿದ ಗಟ್ಟಿ ಛತ್ರಿ. ಅದನ್ನು ಅವನು ಎಲ್ಲೂ ಮರೆತು ಬಂದಿಲ್ಲ. ಹೇಳಬೇಕಾದ ಮಾತು ಮಾತ್ರ ಇನ್ನೂ ಹೇಳಿಲ್ಲ.

"ಅಕಿಗೆ ಇಷ್ಟ ಆಗೂದು ಏನು?" ಎಂದು ಕೇಳಿದೆ.

"ಜಪಾನಿ ಭಾಷಾ ಕಲತಾಳ್ರಿ, ಆಫೀಸಿನ ಕೆಲಸಕ್ಕ. ಅಲ್ಲೀದು ಒಂದು ಹಳೇ ಮಾಂಗಾ ಐತಂತ, ಚಿತ್ರಕಥಿ. ಅದರ ಮ್ಯಾಲ ಅಕಿ ಜೀವ. ನೋಡ್ರಿ," ಎಂದು ಫೋನು ಚಾಚಿದ.

ಬಸ್ ಸ್ಟಾಪ್. ಎರಡು ಜಡೆ. ಮಳೆ. ನನ್ನ ಕೈಯ ಹಿಟ್ಟು ಅವನ ಫೋನಿಗೆ ಹತ್ತಿತು.

"ಬಸೂ, ಇದು ನನ್ನ ಪುಸ್ತಕ. ನಿನ್ನ ಕೆಲಸ ಆತು ಅಂತ ತಿಳಿ."

ಹಿಡಿದ ಕೆಲಸ ನಾನು ಅರ್ಧಕ್ಕೆ ಬಿಡುವವಳಲ್ಲ. ಕಿರೀಟದಂಥ ಆ ದೃಶ್ಯವನ್ನು ಅವನಿಗೆ ವಿವರಿಸಿದೆ. ಶ್ರುತಿ ಭಾನುವಾರ ಸಂಜೆ ಕಳಮಶ್ಶೇರಿಯ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಾಳೆ, ಮಳೆಯಂತೂ ಇದ್ದೇ ಇದೆ, ಅದೇ ದೃಶ್ಯ ಅಲ್ಲಿ ನಡೆಯಬೇಕು.

"ಹೊಸಾ ಛತ್ರಿ ತರ್ಲೇನ್ರಿ?"

"ಎದಕ್ಕ ಖರ್ಚು? ನಿನ್ನ ಕಡೆ ಇರೂದು ಛೊಲೊ ಐತಿ. ಅದನ್ನ ಕೊಡು."

"ಅದು ಅಕೀನ ಕೊಟ್ಟಿದ್ದಲ್ರಿ?"

"ಅದಕ್ಕ ಮತ್ತೂ ಛೊಲೊ. ನೀ ಕೊಟ್ಟಿದ್ದು ಎಷ್ಟು ಜ್ವಾಕಿಯಿಂದ ಇಟ್ಟೀನಿ ನೋಡು ಅಂದಂಗಾತು."

ಈ ಕೊನೆಯ ಮಾತು ಬಾಯಿಂದ ಬಿದ್ದಾಗ ನನಗೆ ನನ್ನ ಮೇಲೆಯೇ ಗೌರವ ಉಕ್ಕಿತು ಎಂಬುದನ್ನು ಇಲ್ಲಿ ದಾಖಲಿಸಬೇಕು.

"ಮತ್ತ ಏನರ ಮಾತಾಡ್ಲ್ಯಾ ವೈನಿ?"

"ಪುಸ್ತಕದಾಗ ಆ ಪುಟಕ್ಕ ಮಾತ ಇಲ್ಲ. ನೀ ಯಾಕ ಜಾಸ್ತಿ ಹಾಕ್ತಿ? ಬಾಯಿ ಮುಚ್ಚು, ತಲಿ ತಗ್ಗಿಸು. ಬರೂವಾಗ ಬೆನ್ನು ತೋರಿಸ್ಕೋತ ಬಾ."

"ಬೆನ್ನ?"

"ಹೂಂ. ಬೆನ್ನ."

ಒಳಗಿಂದ ನಮ್ಮವರು ಪೇಪರು ಮಡಚಿದ ಸದ್ದಾಯಿತು. "ಅಲ್ಲ, ಅಂವಗ ಸೀದಾ ಹೋಗಿ ಬಾಯಿಬಿಟ್ಟು ಹೇಳಾಕ ಹೇಳಬಾರದ?"

"ನೀವು ಸುಮ್ನಿರ್ರಿ. ನಿಮಗ ಪ್ರೇಮ ತಿಳಿಯೂದಿಲ್ಲ."

ಭಾನುವಾರ ಸಂಜೆ ನಾನು, ನಮ್ಮವರು ಬಸ್ ಸ್ಟಾಪಿನ ಎದುರಿನ ಚಹಾದಂಗಡಿಯಲ್ಲಿ ಪಳಂಪೊರಿಯ ತಟ್ಟೆ ಹಿಡಿದು ಕೂತೆವು. ಬಾಳೆಹಣ್ಣಿನ ಬಜ್ಜಿ ನಮ್ಮವರಿಗೆ, ದೃಶ್ಯ ನನಗೆ. ಮಳೆ ಹೇಳಿ ಮಾಡಿಸಿದಂತೆ ಸುರಿಯುತ್ತಿತ್ತು. ಶ್ರುತಿ ನಿಂತಿದ್ದಳು. ದೂರದಲ್ಲಿ ಬಸುವಿನ ಬೆನ್ನು ಕಾಣಿಸಿತು.

ಪುಸ್ತಕದಲ್ಲಿ ಫುಟ್‌ಪಾತು ಖಾಲಿ ಇತ್ತು. ಕಳಮಶ್ಶೇರಿಯಲ್ಲಿ ಖಾಲಿ ಇರಲಿಲ್ಲ. ಬಸು ಹಿಂದು ಹಿಂದಕ್ಕೆ ನಡೆಯುತ್ತ ಮೊದಲು ಒಂದು ಆಟೋದ ಕನ್ನಡಿಗೆ ಮೊಣಕೈ ತಾಗಿಸಿದ. ಆಟೋದವನು ತಲೆ ಹೊರಹಾಕಿ ಅವನ ಕಣ್ಣುಗಳ ಬಗ್ಗೆ ವಿಚಾರಿಸಿದ. ಆಮೇಲೆ ಲಾಟರಿ ಟಿಕೆಟಿನ ಹಲಗೆ ಹೊತ್ತಿದ್ದ ಹಿರಿಯರೊಬ್ಬರಿಗೆ ಬೆನ್ನಾರೆ ಡಿಕ್ಕಿ ಹೊಡೆದ. ಟಿಕೆಟುಗಳು ನೀರಿನಲ್ಲಿ ತೇಲಿದವು. ಬಸು ಬಗ್ಗಿ ಎಲ್ಲವನ್ನೂ ಆರಿಸಿಕೊಟ್ಟು, ಒದ್ದೆಯಾದವನ್ನೆಲ್ಲ ತಾನೇ ಕೊಂಡು, ಮತ್ತೆ ಬೆನ್ನು ತಿರುಗಿಸಿ ಹೊರಟ. ಶಿಸ್ತಿನ ಹುಡುಗ. ಹೇಳಿದ್ದನ್ನು ಬಿಡುವವನಲ್ಲ.

ಅಂತೂ ತಲುಪಿದ. ತಿರುಗಿದ. ತಲೆ ತಗ್ಗಿಸಿದ. ಮೈಯೆಲ್ಲ ನೀರು ಸೋರುತ್ತಿರಲು, ಬಿಚ್ಚದ ಛತ್ರಿಯನ್ನು ಶ್ರುತಿಯ ಕೈಗಿಟ್ಟ.

ಶ್ರುತಿ ಛತ್ರಿ ನೋಡಿದಳು. ಅವನನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ನೋಡ್ರಿ, ನೋಡ್ರಿ, ಪುಸ್ತಕದಾಗಿದ್ದಂಗ," ಎಂದು ನಾನು ನಮ್ಮವರ ತೋಳು ಹಿಂಡಿದೆ.

ಅಷ್ಟರಲ್ಲಿ ಬಸ್ ಬಂತು. ಶ್ರುತಿ ಹತ್ತಿದಳು. ಬಸ್ ಹೋಯಿತು.

"ಅಕಿ ಹೋದ್ಲಲ್ಲ," ಎಂದರು ನಮ್ಮವರು.

"ನಾಚಿಕಿರಿ. ಹೆಣ್ಮಕ್ಕಳ ಮನಸ್ಸು ನಿಮಗೇನು ಗೊತ್ತು?"

ಅವರು ಕೊನೆಯ ಪಳಂಪೊರಿಯನ್ನು ಬಸುವಿಗೆಂದು ಕಾಗದದಲ್ಲಿ ಸುತ್ತಿಸಿಕೊಂಡರು.

ಆ ನಾಚಿಕೆ ಶುಕ್ರವಾರದವರೆಗೂ ಮುಂದುವರಿಯಿತು. ಶ್ರುತಿ ಫೋನು ಎತ್ತಲಿಲ್ಲ. ಆಫೀಸಿನಲ್ಲಿ ಅವಳ ಕುರ್ಚಿ ಖಾಲಿ. ಶುಕ್ರವಾರ ಬಸು ಬಂದು ರೊಟ್ಟಿ ಬೇಡ ಎಂದಾಗ ನಾನು ಒಲೆ ಆರಿಸಿದೆ.

"ತಿರುವನಂತಪುರದ ಆಫೀಸಿಗೆ ಹೋಗ್ತೀಯೇನು ಅಂತ ಅಕಿಗೆ ಮೊದಲ ಕೇಳಿದ್ರಂತ್ರಿ. ಒಲ್ಲೆ ಅಂದಿದ್ಲಂತ, ಈಗ ಹೂಂ ಅಂದಾಳ. ಅಲ್ಲೇ ಹೋಗ್ಯಾಳ. ಸೋಮವಾರ ಸಹಿ ಮಾಡಿದ್ರ ಮುಗೀತು. ವೈನೀ, ನಿಮ್ಮ ಪುಸ್ತಕದಾಗ ಆ ಹುಡುಗಿ ಹಿಂಗ ಹೋಗಿದ್ಲೇನ್ರಿ?"

"ಇಲ್ಲಪಾ. ಅಲ್ಲಿಂದ ಬರೀ ಸುಖ," ಎಂದೆ. ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

ಪುಸ್ತಕ ತಂದು ಕಣ್ಣಿಗೆ ಹಿಡಿದರೆ ಹುಡುಗನಿಗೆ ಧೈರ್ಯ ಬಂದೀತು ಎಂದು ಮರುದಿನ ಬೆಳಿಗ್ಗೆಯೇ ಎಡಪ್ಪಳ್ಳಿಗೆ ಓಡಿದೆ. ಹಳೇ ಪುಸ್ತಕಕ್ಕೆ ಹೊಸ ಮರ್ಯಾದೆ ಬಂದಿತ್ತು: ಗಟ್ಟಿ ರಟ್ಟು, ಇಂಗ್ಲಿಷ್ ಮಾತು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಬೆಲೆ ಕೇಳಿ ನಾನು ಮುಖ ತಿರುಗಿಸಿ ಎರಡು ಹೆಜ್ಜೆ ಹಾಕಿದೆ. ಯಾರೂ ಕರೆಯಲಿಲ್ಲ. ಇನ್ನಷ್ಟು ಹೆಜ್ಜೆ ಹಾಕಿದೆ. ಎಸ್ಕಲೇಟರ್ ಬಂದುಬಿಟ್ಟಿತು. ಅದು ನನ್ನನ್ನು ಕೆಳಗೆ ಇಳಿಸಿತು. ಮತ್ತೊಂದು ಎಸ್ಕಲೇಟರ್ ಹತ್ತಿ, ಯಾರೂ ಕರೆಯದೆ ನಾನೇ ವಾಪಸ್ ಬಂದು, ಹೇಳಿದ ದುಡ್ಡು ಕೊಟ್ಟೆ.

ಮನೆಯಲ್ಲಿ ಪ್ಲಾಸ್ಟಿಕ್ ಹರಿದು ಮೊದಲ ಪುಟ ತೆಗೆದೆ. ಅಲ್ಲಿ ಮದುವೆ ಇರಲಿಲ್ಲ. ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಇತ್ತು: ನಿಲ್ಲಿ, ನೀವು ಪುಸ್ತಕದ ಕೊನೆಯಲ್ಲಿದ್ದೀರಿ, ಇದನ್ನು ಬಲದಿಂದ ಎಡಕ್ಕೆ ಓದಬೇಕು.

ನಮ್ಮ ಮಗಳು ಪ್ಲಸ್ ಟೂ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ. ನಮ್ಮ ಮನೆಯ ಒಪ್ಪಂದ ಅದು. "ಇದೇನ ಇದು, ತಪ್ಪು ಅಚ್ಚಾಗೈತೇನು?" ಎಂದು ಅವಳಿಗೆ ತೋರಿಸಿದೆ.

"ಅಮ್ಮೇ, ಮಟ್ಟೇ ಸೈಡೀನ್ನಾ ವಾಯಿಕ್ಕೇಂಡದ್," ಎಂದು ಅವಳು ಫೋನಿನಿಂದ ತಲೆ ಎತ್ತದೆಯೇ ಪುಸ್ತಕವನ್ನು ಮಗುಚಿ, ಇನ್ನೊಂದು ಬದಿಯಿಂದ ತೆರೆದುಕೊಟ್ಟಳು.

"ಈ ಪುಸ್ತಕ ಅಷ್ಟ ಹಿಂಗೋ, ಎಲ್ಲಾವೂ ಹಿಂಗೋ?"

"ಎಲ್ಲಾಂ."

"ಇಪ್ಪತ್ತು ವರ್ಷದ ಹಿಂದೂ?"

ಈಗ ಅವಳು ತಲೆ ಎತ್ತಿದಳು. ನನ್ನ ಮುಖ ನೋಡಿದಳು. ಅವಳಿಗೆ ಊಟ ಮಾಡಿಸುವಾಗಲೆಲ್ಲ ನಾನು ಹೇಳುತ್ತಿದ್ದ ಕಥೆ, ಸುಖ ಹೆಚ್ಚಾಗಿ ಚಿಕ್ಕವರಾಗುವ ಗಂಡ ಹೆಂಡತಿಯ ಕಥೆ, ಅವಳಿಗೂ ನೆನಪಾಗಿರಬೇಕು. ಸೋಫಾದ ಮೇಲೆ ಬಿದ್ದು ನಗತೊಡಗಿದಳು. ನಗುವುದಕ್ಕೆ ಮಾತ್ರ ಅವಳು ಯಾವ ಭಾಷೆಯನ್ನೂ ಬಳಸಲಿಲ್ಲ.

ನಾನು ಓದಿದೆ, ಬಲದಿಂದ. ಬಸ್ ಸ್ಟಾಪಿನಲ್ಲಿ ಇಬ್ಬರು ಅಪರಿಚಿತರು. ಅವಳು ನೆನೆಯುತ್ತಿದ್ದಾಳೆಂದು ಹುಡುಗ ತನ್ನ ಛತ್ರಿ ಕೊಡುತ್ತಾನೆ. ಅದೇ ಛತ್ರಿಯಡಿ ಸ್ನೇಹ, ಓಡಾಟ. ಒಂದು ಮಳೆಯ ದಿನ ಏನೋ ತಪ್ಪು ತಿಳಿದು ಅವಳು ಆ ಛತ್ರಿಯನ್ನು ಅವನ ಕೈಗೆ ವಾಪಸ್ ಇಡುತ್ತಾಳೆ. ಅವನು ಅದನ್ನು ಬಿಚ್ಚದೆ, ನೆನೆಯುತ್ತ, ಬೆನ್ನು ತಿರುಗಿಸಿ ಹೊರಟುಹೋಗುತ್ತಾನೆ. ಬೆನ್ನು ಚಿಕ್ಕದಾಗುತ್ತ ಆಗುತ್ತ ಇಲ್ಲವಾಗುತ್ತದೆ. ವರ್ಷಗಟ್ಟಲೆ ಅವಳು ಒಬ್ಬಳೇ. ಕೊನೆಗೆ ರೈಲು ನಿಲ್ದಾಣದಲ್ಲಿ ಅದೇ ಛತ್ರಿ ಹಿಡಿದು ಅವನು. ಮದುವೆ. ಮುಗಿಯಿತು.

ಅಂದರೆ ನಾನು ಬಸುವಿನಿಂದ ಆಡಿಸಿದ್ದು ಆ ಪುಸ್ತಕದಲ್ಲಿ ಸಂಬಂಧ ಮುರಿಯುವ ದೃಶ್ಯ. ಶ್ರುತಿ ಕೊಟ್ಟ ಛತ್ರಿಯನ್ನೇ, ಶ್ರುತಿಗೆ ಪ್ರಾಣವಾದ ಪುಟದಂತೆಯೇ, ಬಸ್ ಸ್ಟಾಪು ಮಳೆ ಬೆನ್ನು ಸಮೇತ ವಾಪಸ್ ಕೊಡಿಸಿದ್ದೆ. ಹೊಸ ಛತ್ರಿಯ ಖರ್ಚು ಉಳಿಸಲು.

ನಿಜ ಹೇಳಬೇಕೆಂದರೆ ಅದು ಬಹಳ ದೊಡ್ಡ ಕೃತಿ. ಬರೀ ಗೆರೆಯಲ್ಲಿ ಮಳೆಯ ಸದ್ದು ಕೇಳಿಸುವ ಕೈ ಅದು. ಮಾತಿಲ್ಲದ ಪುಟಗಳಿಗಂತೂ ಕೈಮುಗಿಯಬೇಕು. ಯಾವ ಕಡೆಯಿಂದ ಓದಿದರೂ ನನಗೆ ಅಳು ತರಿಸಿದ್ದಾರೆ ಎಂದರೆ ಬರೆದವರ ಸಾಮರ್ಥ್ಯ ಲೆಕ್ಕಹಾಕಿ. ಆದರೂ ಎರಡು ತಕರಾರು. ಒಂದು, ಅಷ್ಟು ವರ್ಷದ ವಿರಹ ಒಂದು ಫೋನ್ ಕರೆಯಲ್ಲಿ ಮುಗಿಯುವಂಥದ್ದು. ಎರಡು, ಅವರ ಪುಸ್ತಕದಲ್ಲಿ ಮದುವೆಯಾದ ಕೂಡಲೇ ಪುಟ ಮುಗಿದುಹೋಗುತ್ತದೆ. ನನ್ನದರಲ್ಲಿ ಕಥೆ ಅಲ್ಲಿಂದಲೇ ಶುರುವಾಗುತ್ತಿತ್ತು. ನನ್ನ ಆ ನಾಚಿಕೆಯ, ಬೆನ್ನು ತೋರಿಸಿ ಬರುವ ನಾಯಕ ಎಲ್ಲೂ ಇರಲೇ ಇಲ್ಲ ಎಂದು ತಿಳಿದು, ಯಾರೋ ಬೇಕಾದವರು ಹೋದಷ್ಟು ಸಂಕಟವಾಯಿತು.

ಸಂಕಟಪಡಲು ಪುರುಸೊತ್ತಿರಲಿಲ್ಲ. ಶ್ರುತಿಗೆ ಫೋನ್ ಮಾಡಿ, ನಿನ್ನ ನವಿಲು ಬಣ್ಣದ ಸೀರೆ ಬಂದಿದೆ, ನಾಳೆ ಚಾಲೈಗೆ ಬರುವವಳಿದ್ದೇನೆ, ಅಲ್ಲೇ ಕೊಡುತ್ತೇನೆ ಎಂದೆ. ಬಸುವಿನ ಫೋನು ಎತ್ತದವಳು ಸೀರೆಯ ಫೋನು ಎತ್ತಿದಳು. ಭಾನುವಾರ ಬೆಳಿಗ್ಗೆಯ ರೈಲಿಗೆ ಬಸುವನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಪುಸ್ತಕದ ವಿಷಯ ಹೇಳಿದೆ. ಅವನು ಕೊಲ್ಲಂ ಬರುವವರೆಗೂ ಕಿಟಕಿಯಾಚೆ ನೋಡಿದ. ಆಮೇಲೆ ಒಂದೇ ಮಾತು ಕೇಳಿದ.

"ಬೆನ್ನೂ ತಪ್ಪೇನ್ರಿ ವೈನಿ?"

"ಬೆನ್ನೂ ತಪ್ಪು."

ಚಾಲೈಯಲ್ಲಿ ಬಸುವನ್ನು ಬಾಳೆಗೊನೆಯ ಅಂಗಡಿಯ ಪಕ್ಕ ನಿಲ್ಲಿಸಿ, ನಾನು ಎದುರಿನ ಪಾತ್ರೆಯಂಗಡಿಯ ಕಟ್ಟೆಗೆ ಹೋದೆ. ಶ್ರುತಿ ಬಂದಳು. ಮಳೆ ಸಣ್ಣಗೆ ಹನಿಯುತ್ತಿತ್ತು. ಅವಳ ಕೈಯಲ್ಲಿದ್ದದ್ದು ಉದ್ದ ಕಾವಿನ ಕಪ್ಪು ಛತ್ರಿ. ಚೀಲದೊಳಗಿಂದ ಅವಳದೇ ಮಡಚುವ ಛತ್ರಿಯೂ ಇಣುಕುತ್ತಿತ್ತು. ಬೇಡವಾದ ಸಾಮಾನನ್ನು ಯಾರೂ ಊರಿಂದೂರಿಗೆ ಹೊರುವುದಿಲ್ಲ. ವ್ಯಾಪಾರದ ಕಣ್ಣಿಗೆ ಅಷ್ಟು ಸಾಕಾಯಿತು. ಸೀರೆ ಕೈಗಿಟ್ಟು, ಪುಸ್ತಕ ತೆಗೆದು, ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ.

"ಎಂತ ಹೇಳುದು ಅಕ್ಕಾ ನೀವು? ಮದುವೆಯಿಂದ ಓದಿದ್ದಾ?"

"ಮದುವೆಯಿಂದ."

"ಸಮವಸ್ತ್ರ ಹಾಕಿದ್ದು ಕಂಡಾಗ್ಲೂ ಗೊತ್ತಾಗ್ಲಿಲ್ವಾ?"

"ಸುಖಕ್ಕ ಸಣ್ಣವರಾದ್ರು ಅಂದ್ಕೊಂಡೆ."

ಶ್ರುತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎದುರುಗಡೆ ಬಸು ಕಾಣಿಸಿದ್ದೇ ನಗು ನಿಂತಿತು.

"ಅಕ್ಕಾ, ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಇವನಿಗೆ ಸ್ವಂತ ಬಾಯಿ ಇಲ್ವಾ? ನೀವು ಹಿಂದೆ ನಡೆ ಅಂದ್ರೆ ನಡೆಯುದು, ನೀವು ಕರ್ಕೊಂಡು ಬಂದ್ರೆ ಬರುದು. ನಾಳೆ ಎಲ್ಲದಕ್ಕೂ ಹೀಗೇ ಆದ್ರೆ? ಹೇಳ್ಲಿಕ್ಕೆ ಇದ್ದದ್ದನ್ನು ಅವನೇ ಹೇಳ್ಲಿ. ಪುಸ್ತಕವೂ ಬೇಡ, ನೀವೂ ಬೇಡ. ಮಾತಾಡುದಿಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಜೀವನದಲ್ಲಿ ಇಷ್ಟು ನಷ್ಟದ ವ್ಯವಹಾರ ಮಾಡಿದ್ದಿಲ್ಲ. ಹಿತ್ತಾಳೆಯ ಉರುಳಿ ಪಾತ್ರೆಗಳ ನಡುವೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಶ್ರುತಿ ಸನ್ನೆ ಮಾಡಿದಳು, ಬಸು ಬಂದ. ಈ ಸಲ ಮುಖ ಮುಂದಾಗಿ.

"ಅದು... ಛತ್ರಿ..." ಎಂದ. ನಿಲ್ಲಿಸಿದ. "ಮಳಿ ಭಾಳ ಐತಿ ಇಲ್ಲಿ," ಎಂದ. ಮತ್ತೆ ನಿಲ್ಲಿಸಿದ. ಎಂಟು ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

ಶ್ರುತಿ ಕಾದಳು. ಆಮೇಲೆ ಮುಖ ತಿರುಗಿಸಿದಳು. ಒಂದು ಹೆಜ್ಜೆ. ಎರಡು ಹೆಜ್ಜೆ.

ಇಪ್ಪತ್ತು ವರ್ಷದ ಹಿಂದೆ ಇದೇ ಬೀದಿಯಲ್ಲಿ ನಾನು ಹಾಕಿದ ಹೆಜ್ಜೆಗಳು! ಈಗ ಕರೆಯಬೇಕು, ಈಗಲೇ ಕರೆಯಬೇಕು ಎಂದು ನನಗಲ್ಲದೆ ಯಾರಿಗೆ ಗೊತ್ತು? ಕೂಗಲು ಬಾಯಿ ತೆರೆದೆ. ಕೊಟ್ಟ ಮಾತು ನೆನಪಾಗಿ ಸೆರಗನ್ನೇ ಕಚ್ಚಿದೆ.

"ಶ್ರುತೀ," ಎಂದು ಬಸು ಕರೆದ.

ಅವಳು ತಿರುಗಿದಳು. ಅವನು ಓಡಿಹೋಗಿ ಏನೋ ಹೇಳಿದ. ಎತ್ತಿನ ಗಾಡಿಯಷ್ಟು ಸಾಮಾನು ಹೇರಿದ ಕೈಗಾಡಿಯೊಂದು ನಡುವೆ ಬಂದು ಆ ಮಾತು ನನಗೆ ಕೇಳಲಿಲ್ಲ. ಗಾಡಿ ಸರಿದಾಗ ಕಪ್ಪು ಛತ್ರಿ ಬಿಚ್ಚಿತ್ತು, ಅದರಡಿ ಇಬ್ಬರೂ ಇದ್ದರು. ನನ್ನ ಕಡೆ ಒಮ್ಮೆ ಕೈಬೀಸಿ ಜನರ ನಡುವೆ ಹೊರಟೇಹೋದರು. ಛತ್ರಿ ಚಿಕ್ಕದಾಗುತ್ತ ಹೋಯಿತು. ಮಳೆ ಜೋರಾಯಿತು. ನಾನು ಛತ್ರಿ ತಂದಿರಲಿಲ್ಲ.

ಶ್ರುತಿ ಸೋಮವಾರ ಸಹಿ ಮಾಡಲಿಲ್ಲ. ಕೊಚ್ಚಿಗೆ ಮರಳಿದ ಮೇಲೆ ಇಬ್ಬರೂ ಊಟಕ್ಕೆ ಬಂದರು.

"ಸರಿಯಾದ ಹೊತ್ತಿಗೆ ಕರದಿ ನೋಡು," ಎಂದು ಬಸುವಿನ ಬೆನ್ನು ತಟ್ಟಿದೆ. "ನನ್ನ ಚೌಕಾಶಿ ನೋಡಿ ಕಲತದ್ದು ನೀ."

"ಇಲ್ರಿ ವೈನಿ. ಅಕಿ ಸೀರಿ ಪಾಕೀಟು ಕಟ್ಟಿ ಮ್ಯಾಲ ಬಿಟ್ಟು ಹೊಂಟಿದ್ಲು. ಅದಕ್ಕ ಕರದೆ."

ಶ್ರುತಿ ತಟ್ಟೆ ನೋಡುತ್ತ ನಕ್ಕಳು. "ಬಿಟ್ಟದ್ದು ಬೇಕಂತಲೇ ಅಕ್ಕಾ. ಹೇಗಾದ್ರೂ ಕರೀಬೇಕಲ್ಲ ಅವನು." ಆಮೇಲೆ, "ಮತ್ತೆ ಸೀರೆಗೆ ನೀವೆಂತ ಕಮ್ಮಿ ಮಾಡ್ತೀರಿ? ನಂಗೆ ಒಂದು ವಾರದ ಅಳು ಆಗಿದೆ," ಎಂದಳು. ಅರ್ಧ ಬೆಲೆಗೆ ನಿಂತಿತು. ಚಾಲೈಯ ಯಾವ ವ್ಯಾಪಾರಿಯೂ ನನ್ನನ್ನು ಹಾಗೆ ಮಣಿಸಿರಲಿಲ್ಲ.

ಅವರು ಹೋದ ಮೇಲೆ ನೋಡಿದರೆ ನಮ್ಮವರು ಕನ್ನಡಕ ಏರಿಸಿ ಪುಸ್ತಕ ಹಿಡಿದು ಕೂತಿದ್ದಾರೆ. ತೆರೆದದ್ದು ಎಡದಿಂದ.

"ಅಲ್ರೀ, ಅದು ಆ ಕಡೆಯಿಂದ."

"ಗೊತ್ತೈತಿ," ಎಂದರು ಪುಟ ತಿರುವುತ್ತ. "ನಂಗ ಆ ಕಥಿ ಬ್ಯಾಡ. ನೀ ಹೇಳಿದ್ದು ಓದಾಕತ್ತೀನಿ. ಹೆಂಗೂ ಒಂದು ರೊಕ್ಕಕ್ಕ ಎರಡು ಕಥಿ ಬಂದಾವು, ನಿನ್ನ ಲೆಕ್ಕದಾಗ ಇದು ಲಾಭನ ಅಲ್ಲೇನು?"

ಮುಖ ಓದಿದೆ. ತಮಾಷೆ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ. ಬೆನ್ನು ತೋರಿಸಿ ಬರುವ ಹುಡುಗನ ಪುಟ ಬಂದಾಗ ಇಬ್ಬರೂ ನಕ್ಕೆವು.

ಆದ್ದರಿಂದ ಓದುಗರೇ, ಅನುಭವದಿಂದ ಹೇಳುತ್ತೇನೆ, ಕೇಳಿ. ಇಂಥ ಪುಸ್ತಕ ಕೊಂಡರೆ ಮೊದಲು ಬಲದಿಂದ ಓದಿ, ಬರೆದವರಿಗೆ ಕೊಡುವ ಮರ್ಯಾದೆ ಅದು. ಮದುವೆಯಾಗಿದ್ದರೆ ಒಮ್ಮೆ ಎಡದಿಂದಲೂ ಓದಿ. ಮಾಲಿನಲ್ಲಿ ಎರಡು ಹೆಜ್ಜೆ ಹಾಕಬೇಡಿ, ಎಸ್ಕಲೇಟರ್ ಕಾದಿರುತ್ತದೆ. ಪ್ರೀತಿಸಿದವರು ಕೊಟ್ಟ ಛತ್ರಿಯನ್ನು ಎಂದಿಗೂ ಅವರಿಗೇ ವಾಪಸ್ ಕೊಡಬೇಡಿ. ಹೊಸದೊಂದಕ್ಕೆ ಆಗುವ ಖರ್ಚು ರೈಲಿನ ಖರ್ಚಿಗಿಂತ ಕಡಿಮೆ. ಪ್ರೇಮದ ವಿಷಯದಲ್ಲಂತೂ ಬೇರೆಯವರಿಗೆ ಪುಕ್ಕಟೆ ಸಲಹೆ ಕೊಡಲೇಬೇಡಿ. ಇದು ನನ್ನ ಪುಕ್ಕಟೆ ಸಲಹೆ.